ಸಂಖ್ಯೆಯೊಂದನ್ನು ಬಿಟ್ಟು ಉಳಿದ ಮಾಹಿತಿ

೧

ಹೇಗೆ ಶುರು ಮಾಡಲಿ, ನೀವೇ ಹೇಳಿ. ಕಥೆಯಾದರೆ ಕುರಿಯಿಂದ ಶುರು ಮಾಡಬಹುದು. ಮಾಹಿತಿ ಪ್ರಬಂಧವಾದರೆ ಪೀಠಿಕೆಯಿಂದಲೇ ಶುರು ಮಾಡಬೇಕು. ಪೀಠಿಕೆ ನಾಲ್ಕು ಸಾಲು ದಾಟಬಾರದು, ಅದರಲ್ಲಿ 'ನಾನು' ಎಂಬ ಪ್ರಾಣಿ ಕಾಣಿಸಿಕೊಳ್ಳಬಾರದು. ಇಷ್ಟು ಹೊತ್ತಿಗೆ ನಾಲ್ಕು ಸಾಲು ಮುಗಿದವು, ಪ್ರಾಣಿಯೂ ಕಾಣಿಸಿಕೊಂಡಿತು.

ವಿಷಯ ಇಷ್ಟೇ. ನಾನು ಅನುರಾಧಾ, ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಒಂಬತ್ತನೇ ಇಯತ್ತೆಯ ಮಕ್ಕಳಿಗೆ 'ಕಥೆ ಹೇಳುವುದನ್ನು ಬಿಟ್ಟು ಮಾಹಿತಿ ಪ್ರಬಂಧ ಬರೆಯುವುದು ಹೇಗೆ' ಎಂದು ಒಂದು ಪುಟದ ಟಿಪ್ಪಣಿ ಮಾಡಿಕೊಡೋಣ ಎಂದು ರವಿವಾರ ಬೆಳಿಗ್ಗೆ ಕೂತೆ. ಕಥೆ ಬಿಡಿಸುವುದು ಹೇಗೆ ಎಂದು ಹೇಳಹೋಗಿ ನನಗೇ ಕಥೆ ಶುರುವಾಯಿತು. ಮೂರು ಸಲ ಹರಿದು ಹಾಕಿದ್ದೇನೆ. ಇದನ್ನು ಹರಿಯುವುದಿಲ್ಲ, ಮನೆಯಲ್ಲಿ ಹಾಳೆ ಮುಗಿದಿವೆ.

(ಎದುರಿಗೆ ನಮ್ಮ ಅಜ್ಜ ಅಮಸಿದ್ದಪ್ಪ ಕಂಬಳಿ ಹಾಸಿಕೊಂಡು ಕೂತು ಚಹಾ ಕುಡಿಯುತ್ತಿದ್ದಾನೆ. ಕಣ್ಣು ತೋರಿಸಿಕೊಳ್ಳಲು ಹಿಪ್ಪರಗಿಯಿಂದ ಬಂದವನು, ಎಂಬತ್ತು ದಾಟಿದೆ. "ಏನ್ ಬರಿಯಾಕತ್ತಿ?" ಎಂದು ಆಗಲೇ ಎರಡು ಸಲ ಕೇಳಿದ. ನಿನ್ನ ಬಗ್ಗೆಯೇ ಎಂದರೆ ಎದ್ದು ಬಸ್ಸಿಗೆ ಹೊರಟಾನು ಎಂದು ಸುಮ್ಮನಿದ್ದೇನೆ.)

೨

ಇಸವಿ ೨೦೦೮. ಊರು ಹಿಪ್ಪರಗಿ. (ನೋಡಿ, ಯಾವಾಗ ಮತ್ತು ಎಲ್ಲಿ, ಎರಡೂ ಒಂದೇ ಏಟಿಗೆ ಆಯಿತು. ನಮ್ಮ ಸರ್ ಓದಿದರೆ ಖುಷಿಪಡುತ್ತಾರೆ.) ನಾನು ಆಗ ಒಂಬತ್ತನೇ ಇಯತ್ತೆ, ಇಡೀ ಸಾಲೆಗೆ ಪ್ರಬಂಧದ ರಾಣಿ. ಯಾವ ವಿಷಯ ಕೊಟ್ಟರೂ ನಾನು ಕಥೆಯನ್ನೇ ಬರೆಯುತ್ತಿದ್ದೆ. 'ನೀರಿನ ಮಿತ ಬಳಕೆ' ಎಂದರೆ ಹನಿಯೊಂದು ಮನೆ ಬಿಟ್ಟು ಓಡಿಹೋಗಿ ಅವ್ವನನ್ನು ನೆನೆದು ಅಳುತ್ತಿತ್ತು. 'ಗ್ರಂಥಾಲಯದ ಮಹತ್ವ' ಎಂದರೆ ಹಳೇ ಪುಸ್ತಕವೊಂದು ಗೆದ್ದಲಿನ ಜೊತೆ ಜಗಳ ತೆಗೆಯುತ್ತಿತ್ತು. 'ಪರಿಸರ ಮಾಲಿನ್ಯ'ದಲ್ಲಿ ಕೆಮ್ಮುವ ಅಜ್ಜಿಯೊಬ್ಬಳು ಖಾಯಂ. ಎಂಟನೇ ಇಯತ್ತೆಯವರೆಗೂ ಇದಕ್ಕೆಲ್ಲ ಹತ್ತಕ್ಕೆ ಹತ್ತು ಬೀಳುತ್ತಿತ್ತು, ನಾನು ಜಡೆ ಹಿಂದಕ್ಕೆ ಎಸೆದು ನಡೆಯುತ್ತಿದ್ದೆ.

ಆಮೇಲೆ ಧನಪಾಲ ಸರ್ ಬಂದರು.

ದಿನಾ ತೇರದಾಳದಿಂದ ಲೂನಾ ಮೇಲೆ ಬರುತ್ತಿದ್ದರು. ಕಿಸೆಯಲ್ಲಿ ಎರಡು ಕೆಂಪು ಪೆನ್ನು, ಒಂದು ಮುಗಿದರೆ ಇನ್ನೊಂದು. ಜೈನರ ಮನೆತನ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹೀಗಾಗಿ ಸೂರ್ಯ ಎಷ್ಟಕ್ಕೆ ಹುಟ್ಟಿ ಎಷ್ಟಕ್ಕೆ ಮುಳುಗುತ್ತಾನೆ ಎನ್ನುವುದು ಅವರಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು. ಇದನ್ನು ಯಾಕೆ ಹೇಳಿದೆ ಎಂದರೆ, ನಾನು ಅವರಿಗೆ ಬರೆದುಕೊಟ್ಟ 'ನಮ್ಮೂರ ಬ್ಯಾರೇಜು' ಪ್ರಬಂಧದ ಮೊದಲ ಸಾಲು 'ಸೂರ್ಯ ನಗುನಗುತ್ತಾ ಎದ್ದ' ಎಂದಿತ್ತು.

"ಏನವಾ ಅನುರಾಧಾ, ಸೂರ್ಯ ಯಾಕ ನಗಾಕತ್ತಾನ?"

"ಖುಷಿಯಾಗೇತ್ರೀ ಸರ್."

"ನಿನಗ ಯಾರ ಹೇಳಿದರು?"

ನಾನು ಕಾಲಿನ ಹೆಬ್ಬೆರಳು ನೋಡಿದೆ.

"ನಗೂದು ಬಿಡು. ಎಷ್ಟಕ್ಕ ಎದ್ದ, ಅದನ್ನ ಬರಿ. ನೀ ಬ್ಯಾರೇಜಿನ ಗೇಟಿನ ಸಲುವಾಗಿ ಎರಡು ಪುಟ ಅತ್ತೀದಿ, ಗೇಟ್ ಎಷ್ಟದಾವು ಅನ್ನೂದು ಮಾತ್ರ ನನಗ ತಿಳೀವಲ್ದು."

ವರ್ಗಕ್ಕೆ ವರ್ಗವೇ ನಕ್ಕಿತು. ಸರ್ ಬೋರ್ಡಿನ ಮೇಲೆ ನಾಲ್ಕು ಶಬ್ದ ಬರೆದರು: ಎಷ್ಟು, ಎಲ್ಲಿ, ಯಾವಾಗ, ಹ್ಯಾಂಗ. ಕೆಳಗೆ ಗೆರೆ ಎಳೆದು, "ಕಥಿ ಬರದದ್ದು ಸಾಕು. ಇನ್ನಮ್ಯಾಲ ಮಾಹಿತಿ. ಅದರಾಗ ಅಜ್ಜಿ ಬರಬಾರದು, ಅಜ್ಜ ಬರಬಾರದು, ನೀನೂ ಬರಬಾರದು" ಎಂದರು. ಎಲ್ಲರನ್ನೂ ಹೊರಗೆ ಹಾಕಿದರೆ ಪ್ರಬಂಧದೊಳಗೆ ಯಾರು ಇರಬೇಕು ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ.

೩

ಮುಂದಿನ ವಿಷಯ, 'ನಮ್ಮ ಮನೆಯ ಕಸುಬು'. ಎಲ್ಲಕ್ಕಿಂತ ಛಲೋ ಬಂದದ್ದನ್ನು ಆಫೀಸಿನ ಬಾಜೂ ಇದ್ದ ಗೋಡೆ ಪತ್ರಿಕೆಗೆ ಅಂಟಿಸುತ್ತಿದ್ದರು. ಎರಡು ವರ್ಷದಿಂದ ಆ ಜಾಗ ನನ್ನದಾಗಿತ್ತು. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ನಮ್ಮ ಮನೆಯ ಕಸುಬು ಕುರಿ. ಮೊದಲ ಸಲ 'ನಾನೊಂದು ಕುರಿ, ನನ್ನ ಕಥೆ ಕೇಳಿ' ಎಂದು ಬರೆದೆ. ವಾಪಸ್ ಬಂತು, ಕೆಂಪಿನಲ್ಲಿ 'ಕುರಿ ಮಾತಾಡುವುದಿಲ್ಲ' ಎಂದಿತ್ತು. ಎರಡನೇ ಸಲ ಕುರಿಯ ಬಾಯಿ ಮುಚ್ಚಿಸಿ ನಾಯಿಯ ಕಡೆಯಿಂದ ಹೇಳಿಸಿದೆ. ವಾಪಸ್ ಬಂತು, ಈ ಸಲ ಏನೂ ಬರೆದಿರಲಿಲ್ಲ, ಉದ್ದಕ್ಕೆ ಒಂದು ಗೀಟು. ಮೂರನೇ ಸಲ ಹಲ್ಲು ಕಚ್ಚಿ ಮಾಹಿತಿ ಬರೆದೆ. ಕುರಿ ಒಂದು ಸಾಕುಪ್ರಾಣಿ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹಿಕ್ಕೆ, ಗಂಜಳ ಬಿದ್ದು ಬೆಳೆಗೆ ಗೊಬ್ಬರವಾಗುತ್ತದೆ. ಬ್ಯಾರೇಜಿನಿಂದ ನದಿಯಲ್ಲಿ ನೀರು ನಿಂತ ಮೇಲೆ ಎಲ್ಲ ಕಡೆ ಕಬ್ಬು ಹಚ್ಚಿದ್ದಾರೆ, ಕುರಿಗೆ ಮೇಯಲು ಒಡ್ಡು ಮಾತ್ರ ಉಳಿದಿದೆ. ಬರೆಯುತ್ತಾ ಬರೆಯುತ್ತಾ ನನಗೇ ಆಶ್ಚರ್ಯವಾಯಿತು, ನನಗೆ ಇಷ್ಟೆಲ್ಲ ಗೊತ್ತಿದೆಯಲ್ಲ ಎಂದು.

ಸರ್ ತಲೆ ಆಡಿಸುತ್ತಾ ಓದಿದರು. ಒಂದು ಕಡೆ ಪೆನ್ನು ನಿಂತಿತು.

"'ನಮ್ಮ ಮನೆಯಲ್ಲಿ ಬಹಳ ಕುರಿಗಳಿವೆ.' ಬಹಳ ಅಂದ್ರ ಎಷ್ಟು?"

"ಬಾಳ ಅದಾವ್ರೀ ಸರ್."

"ಎಷ್ಟು?"

"ಗೊತ್ತಿಲ್ರೀ."

"ನಿಮ್ಮನಿ ಕುರಿ ಎಷ್ಟಂತ ನಿನಗ ಗೊತ್ತಿಲ್ಲ." ಸರ್ ಕನ್ನಡಕ ತೆಗೆದರು. "ಇದೊಂದು ಹಾಕಿಕೊಂಡು ಬಾ. ಸೋಮವಾರ ಗ್ವಾಡಿಗೆ ಹಚ್ಚೂನು."

೪

ಈಗ ನಿಮಗೊಂದು ಮಾಹಿತಿ ಕೊಡಬೇಕು. ನಮ್ಮ ಮನೆಯಲ್ಲಿ ಕುರಿ ಎಣಿಸುವುದಿಲ್ಲ.

ಅಜ್ಜನಿಗೆ ಎಣಿಸಲು ಬರುವುದಿಲ್ಲ ಎಂದಲ್ಲ. ಯಾವ ಕುರಿ ಎಷ್ಟು ದಿನಕ್ಕೆ ಈಯುತ್ತದೆ ಎಂದು ಬೆರಳ ಮೇಲೆ ಹೇಳುತ್ತಾನೆ. ಆದರೆ ಆ ಬೆರಳನ್ನು ಕುರಿಯ ಕಡೆ ತೋರಿಸುವುದಿಲ್ಲ. ಎಣಿಸಿದರೆ ದೃಷ್ಟಿ ಬೀಳುತ್ತದೆ, ಬಾಯಲ್ಲಿ ಆಡಿದ ದಿನದಿಂದ ಹಿಂಡು ಇಳಿಯತೊಡಗುತ್ತದೆ ಎಂಬುದು ಅವನ ನಂಬಿಕೆ. ಅವನ ಅಪ್ಪ ಬೀರಪ್ಪನ ಗುಡಿಯಲ್ಲಿ ಹಣೆಗೆ ಭಂಡಾರ ಹಚ್ಚಿ ಈ ಮಾತು ತೆಗೆದುಕೊಂಡಿದ್ದನಂತೆ. ಭಂಡಾರ ಎಂದರೆ ಅರಿಷಿಣದ ಪುಡಿ. ನಮ್ಮಲ್ಲಿ ಅದು ಹಣೆಗೆ ಹತ್ತಿತೆಂದರೆ ಮಾತು ಮುಗಿಯಿತು, ಆಮೇಲೆ ವಾದ ಇಲ್ಲ.

ಹಾಗಾದರೆ ಕುರಿ ಕಳೆದರೆ ಹೇಗೆ ಗೊತ್ತಾಗುತ್ತದೆ? ಸಂಜೆ ಅಜ್ಜ ದಡ್ಡಿಯ ಬಾಯಿಗೆ ನಿಲ್ಲುತ್ತಾನೆ. ದಡ್ಡಿ ಎಂದರೆ ಜಾಲಿ ಮುಳ್ಳು ಹಚ್ಚಿ ಮಾಡಿದ ಕುರಿಯ ಆವರಣ. ಒಂದೊಂದೇ ಒಳಗೆ ಹೋಗುವಾಗ ಅದರ ಬೆನ್ನು ಮುಟ್ಟಿ ಸಣ್ಣ ದನಿಯಲ್ಲಿ ಅದರ ಮನೆತನ ಹೇಳುತ್ತಾನೆ: ಕೆಂಚಿ ಮಗಳು. ಕೆಂಚಿ ಮಗಳ ಮಗಳು. ಮುದುಕಿ. ಕುಂಟಿಯ ಹಿರೇ ಮಗ. ಇದು ನಮ್ಮ ಅನೂನ ಚುಕ್ಕಿ. (ಚುಕ್ಕಿ ನನ್ನದು. ಹಣೆಯ ಮೇಲೆ ಬಿಳಿ ಮಚ್ಚೆ, ಹುಟ್ಟಿದಾಗ ಅದರ ತಾಯಿಯ ಹಾಲು ಸಾಲದೆ ನಾನೇ ಬಾಟಲಿ ಹಿಡಿದು ಬೆಳೆಸಿದ್ದು.) ಕೊನೆಯದು ಒಳಗೆ ಹೋದಾಗ ಯಾರ ಹೆಸರು ಹೇಳಲಿಲ್ಲ ಎನ್ನುವುದು ಅವನಿಗೆ ಗೊತ್ತಾಗುತ್ತದೆ.

ಆ ಶನಿವಾರ ಸಂಜೆ ಕೇಳಿಯೇಬಿಟ್ಟೆ.

"ಅಜ್ಜಾ, ನಮ್ಮ ಕುರಿ ಎಷ್ಟದಾವ?"

ಅವನ ಕೈ ಕುರಿಯ ಬೆನ್ನ ಮೇಲೆಯೇ ನಿಂತಿತು. "ಯಾರಿಗೆ ಬೇಕಾಗೇತಿ?"

"ಸರ್‌ಗೆ. ಪ್ರಬಂಧಕ್ಕ."

"ಯಾವುದು ಬಂದಿಲ್ಲ ಅಂತ ಗೊತ್ತಾದ್ರ ಸಾಕಲ್ಲ ತಂಗಿ. ಎಷ್ಟು ಬಂದಾವು ಅಂತ ತಿಳಕೊಂಡು ನಿಮ್ಮ ಸರ್ ಏನ್ ಮಾಡತಾರ? ಬಾಯಿಲೆ ಆಡಾಕ ಬರಂಗಿಲ್ಲದು."

೫

ರವಿವಾರ ಇಡೀ ದಿನ ಕೂತು ವಿಚಾರ ಮಾಡಿದೆ. ಒಂದು ಕಡೆ ಸರ್, ಒಂದು ಕಡೆ ಅಜ್ಜ, ನಡುವೆ ಖಾಲಿ ಬಿಟ್ಟ ಒಂದು ಜಾಗ. ಕಡೆಗೆ ನಾನು ಇಬ್ಬರಿಗೂ ನಡೆಯುವ ದಾರಿ ಹುಡುಕಿದೆ ಎಂದುಕೊಂಡೆ. ಒಂದು ಸಂಖ್ಯೆ ಹಾಕುವುದು. ಆದರೆ ಖರೇ ಸಂಖ್ಯೆ ಅಲ್ಲ, ಕಡಿಮೆ ಮಾಡಿ ಹಾಕುವುದು. ಕಡಿಮೆ ಹಾಕಿದರೆ ಯಾರ ಕಣ್ಣೂ ಬೀಳುವುದಿಲ್ಲ, ಬಿದ್ದರೂ ಸುಳ್ಳು ಕುರಿಗಳ ಮೇಲೆ ಬೀಳುತ್ತದೆ. ಸರ್‌ಗೂ ಅವರ 'ಎಷ್ಟು' ಸಿಕ್ಕಂತಾಯಿತು.

'ನಮ್ಮ ಮನೆಯಲ್ಲಿ ಐವತ್ತು ಕುರಿಗಳಿವೆ' ಎಂದು ಬರೆದೆ. ಐವತ್ತೇ ಯಾಕೆ ಎಂದರೆ, ಆ ಸಲ ಗಣಿತದಲ್ಲಿ ನನಗೆ ಐವತ್ತು ಬಂದಿತ್ತು. ನನಗೆ ಪರಿಚಯವಿದ್ದ ಸಂಖ್ಯೆಗಳಲ್ಲಿ ಅದೇ ಸ್ವಲ್ಪ ಮರ್ಯಾದೆಯದ್ದು.

ಸೋಮವಾರ ಪ್ರಬಂಧ ಗೋಡೆ ಏರಿತು. ಸರ್ ಎಲ್ಲರ ಮುಂದೆ, "ನೋಡ್ರಿ, ಮಾಹಿತಿ ಅಂದ್ರ ಹಿಂಗಿರಬೇಕು" ಎಂದರು. ನಾನು ಜಡೆ ಹಿಂದಕ್ಕೆ ಎಸೆದೆ.

೬ (ಹೊಡೆದು ಹಾಕಿದ್ದು)

ಇಲ್ಲಿ ಕೃಷ್ಣೆಯ ದಂಡೆ, ಸಂಜೆಗೆಂಪು, ಕೊಕ್ಕರೆ, ನನ್ನ ಮನಸ್ಸಿನ ತಳಮಳ ಎಂದು ಒಂದು ಪ್ಯಾರಾ ಇತ್ತು. ಓದಿ ನೋಡಿದೆ. ಕೊಕ್ಕರೆಗೂ ಈ ವ್ಯವಹಾರಕ್ಕೂ ಸಂಬಂಧ ಇರಲಿಲ್ಲ. ತಳಮಳವೂ ಸುಳ್ಳು, ನಾನು ಆ ವಾರವೆಲ್ಲ ಭಾರೀ ಖುಷಿಯಲ್ಲಿದ್ದೆ.

೭

ಗೋಡೆಯನ್ನು ಮಕ್ಕಳಷ್ಟೇ ಓದುತ್ತಾರೆ ಎಂದು ನನಗೆ ಯಾರು ಹೇಳಿದ್ದರೋ. ದನದ ದವಾಖಾನೆಯ ಕಂಪೌಂಡರ್ ಪರಮಾನಂದ ಅವರ ಮಗಳು ನಮ್ಮ ಸಾಲೆಯಲ್ಲೇ ಇದ್ದಳು. ಅವಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲು ಬಂದವರು, ಆಫೀಸಿನ ಹೊರಗೆ ಕಾಯುತ್ತಾ ನಿಂತು, ಮೇಲಿನಿಂದ ಕೆಳಗೆ ಪ್ರಬಂಧ ಓದಿದರು. ಐವತ್ತು ಎನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡರು. ಅವರಿಗೆ ಅದು ಬಂಗಾರದಂಥ ಮಾಹಿತಿ, ಯಾಕೆಂದರೆ ವರ್ಷಗಟ್ಟಲೆ ಕೇಳಿದರೂ ನಮ್ಮ ಅಜ್ಜ ಆ ಸಂಖ್ಯೆ ಬಿಟ್ಟುಕೊಟ್ಟಿರಲಿಲ್ಲ.

ಎರಡು ಊರಿನ ಆಚೆ ಕುರಿಗಳಿಗೆ ಹಿರೇಬ್ಯಾನಿ ಬಂದಿತ್ತು. ಬಾಯಿ ಹುಣ್ಣಾಗಿ, ಮೂಗು ಸುರಿದು, ಭೇದಿ ಹತ್ತಿ, ವಾರದೊಳಗೆ ದಡ್ಡಿಗಳು ಖಾಲಿಯಾಗುವ ರೋಗ. ಮೊದಲೇ ಸೂಜಿ ಚುಚ್ಚಿದರೆ ಬರುವುದಿಲ್ಲ, ಬಂದ ಮೇಲೆ ಚುಚ್ಚಿ ಉಪಯೋಗವಿಲ್ಲ. ಗುರುವಾರ ಬೆಳಿಗ್ಗೆ ಪರಮಾನಂದ ಔಷಧ ತಣ್ಣಗಿಡುವ ಬರ್ಫಿನ ಡಬ್ಬಿ ಹಿಡಿದು ನಮ್ಮ ದಡ್ಡಿಗೆ ಬಂದರು. ಅಜ್ಜ ಒಂದೊಂದೇ ಕುರಿ ಹಿಡಿದು ಕೊಟ್ಟ. ಸೂಜಿ ಆದದ್ದರ ಗುರುತಿಗೆ ಹಣೆಗೆ ಭಂಡಾರ ಹಚ್ಚುವ ಕೆಲಸ ನನ್ನದು. ಮುದುಕಿಗಾಯಿತು, ಕೆಂಚಿ ಮಕ್ಕಳಿಗಾಯಿತು. ಚುಕ್ಕಿ ಸೂಜಿ ಕಂಡು ಹಿಂದೆ ಹಿಂದೆ ಸರಿದು ಮುಳ್ಳಿನ ಮೂಲೆ ಸೇರಿತ್ತು, ಕಡೆಗೆ ಹಿಡಿದರಾಯಿತು ಎಂದು ಬಿಟ್ಟೆ.

ಪರಮಾನಂದ ಸೂಜಿ ಕೆಳಗಿಟ್ಟರು.

"ಮುಗೀತ್ರೀ ಅಜ್ಜಾರ."

"ಏನ್ ಮುಗೀತು? ಇನ್ನೂ ಅದಾವಲ್ಲ."

"ಔಷಧ ಮುಗೀತ್ರೀ. ಐವತ್ತಕ್ಕ ತಂದಿದ್ದೆ. ಐವತ್ತು ಅಂತ ಇತ್ತಲ್ರೀ."

"ಎಲ್ಲಿ ಇತ್ತು?"

"ಸಾಲಿ ಗ್ವಾಡಿ ಮ್ಯಾಲ. ನಿಮ್ಮ ಮೊಮ್ಮಗಳ ಬರದಾಳ."

ಅಜ್ಜ ನನ್ನ ಕಡೆ ನೋಡಿದ. ನನ್ನ ಕೈ ತುಂಬ ಭಂಡಾರ. ಎದುರಿಗೆ ಹಳದಿ ಹಣೆಯ ಕುರಿಗಳು ಒಂದು ಕಡೆ, ಬರಿ ಹಣೆಯವು ಒಂದು ಕಡೆ, ಬರಿ ಹಣೆಯವುಗಳ ಮುಂದೆ ಚುಕ್ಕಿ. ಗೋಡೆಯ ಮೇಲೆ ಸುಳ್ಳು ಕುರಿಗಳು ಐವತ್ತು ಇದ್ದವು, ಇಲ್ಲಿ ಖರೇ ಕುರಿಗಳು ಸೂಜಿ ಇಲ್ಲದೆ ನಿಂತಿದ್ದವು. 

(ಬರಿ ಹಣೆಯವು ಎಷ್ಟಿದ್ದವು ಎಂದು ಕೇಳಬೇಡಿ. ನೀವು ಐವತ್ತಕ್ಕೆ ಕೂಡಿಸಿಬಿಡುತ್ತೀರಿ, ನನಗೆ ನಿಮ್ಮ ಬುದ್ಧಿ ಗೊತ್ತು.)

"ಎಷ್ಟು ಉಳದಾವು ಅಂತ ಹೇಳಿಬಿಡ್ರಿ, ನಾಳಿಗೆ ತರತೇನಿ," ಎಂದರು ಪರಮಾನಂದ.

"ಬಾಯಿಲೆ ಆಡಾಕ ಬರಂಗಿಲ್ಲ."

"ಹಂಗಾದ್ರ ನಾನ ಎಣಸ್ತೇನಿ."

ಅಜ್ಜ ನಡುವೆ ಬಂದು ನಿಂತ. "ನನ್ನ ದಡ್ಡ್ಯಾಗ ನಿಂತು ಬೆರಳ ಮಾಡಬ್ಯಾಡ್ರಿ ಸಾಹೇಬ್ರ. ನಿಮ್ಮ ಕಾಲಿಗೆ ಬೀಳತೇನಿ."

ಪರಮಾನಂದ ಒಳ್ಳೆಯ ಮನುಷ್ಯ, ಬೆರಳು ಮಡಚಿಕೊಂಡರು. "ಇದನ್ನ ಕಲಸಿದ ಮ್ಯಾಲ ಎರಡು ತಾಸಿನ್ಯಾಗ ಮುಗಸಬೇಕ್ರಿ, ಇಲ್ಲಾಂದ್ರ ಚೆಲ್ಲೂದ. ಅಂದಾಜಿಲೆ ತಂದು ಚೆಲ್ಲಾಕ ಔಷಧ ಅಷ್ಟಿಲ್ಲ. ನಾಳೆ ಹತ್ತರೊಳಗ ನನಗ ಲೆಕ್ಕ ಮುಟ್ಟಬೇಕು. ನಾಡಿದ್ದು ಈ ಡಬ್ಬಿ ಬೀಳಗಿ ಕಡಿ ಹೋಗತೈತಿ," ಎಂದು ಹೊರಟರು.

೮

ಅಜ್ಜ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು, ನನಗೆ ಅಳಲು ಒಂದು ನೆಪವಾದರೂ ಸಿಗುತ್ತಿತ್ತು.

"ಐವತ್ತು ಅಂತ ನಿನಗ ಯಾರ ಹೇಳಿದರು?"

"ಯಾರೂ ಹೇಳಿಲ್ಲಜ್ಜಾ. ಕಡಿಮಿ ಬರದ್ರ ದೃಷ್ಟಿ ಆಗಂಗಿಲ್ಲಂತ…"

 ಸಂಜೆ ಕುರಿ ಒಳಗೆ ಹೋಗುವ ಹೊತ್ತಿಗೆ ಅಜ್ಜ ನಮ್ಮ ಅವ್ವನ ಹತ್ತಿರ ಒಂದು ಬಟ್ಟಲು ಜೋಳ ಇಸಿದುಕೊಂಡ. ದಡ್ಡಿಯ ಬಾಯಿಗೆ ನಿಂತ. ಹಳದಿ ಹಣೆಯದು ಬಂದರೆ ಬರಿ ಹೆಸರು ಹೇಳಿ ಬಿಟ್ಟ. ಬರಿ ಹಣೆಯದು ಬಂದರೆ ಹೆಸರು ಹೇಳಿ, ಒಂದು ಕಾಳು ರುಮಾಲಿನ ಸೆರಗಿಗೆ ಹಾಕಿದ. ಕುಂಟಿಯ ಮಗ, ಒಂದು ಕಾಳು. ಅನೂನ ಚುಕ್ಕಿ, ಒಂದು ಕಾಳು. ಎಲ್ಲ ಮುಗಿದ ಮೇಲೆ ನನ್ನ ಕಡೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಏನೋ ಮಾಡಿದ, ಆಮೇಲೆ ಕಾಳನ್ನು ಒಂದು ಅರಿವೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟ.

"ಸಾಹೇಬ್ರಿಗೆ ಕೊಡು. ಜ್ವಾಳ ಎಣಿಸಿದ್ರ ಏನೂ ಆಗಂಗಿಲ್ಲ. ನೀ ಬಿಚ್ಚಬ್ಯಾಡ."

೯

ನಾನು ಬಿಚ್ಚಿದೆ.

ಬಿಚ್ಚಲಿಲ್ಲ ಎಂದು ಬರೆಯಬಹುದಿತ್ತು, ಒಂದು ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ನಿಮಗೆ ನಾನು ಸ್ವಲ್ಪ ಹೆಚ್ಚು ಇಷ್ಟವಾಗುತ್ತಿದ್ದೆ. ಆದರೆ ಶುಕ್ರವಾರ ಬೆಳಿಗ್ಗೆ ದವಾಖಾನೆಗೆ ಸೈಕಲ್ ಹೊಡೆಯುತ್ತಾ, ಕಾಲುವೆಯ ಕಟ್ಟೆ ಬಂದಾಗ ಇಳಿದು, ಕಬ್ಬಿನ ಮರೆಗೆ ಕೂತು, ಗಂಟು ಬಿಚ್ಚಿ, ಕಾಳನ್ನು ಲಂಗದ ಮೇಲೆ ಹರಡಿ ಎಣಿಸಿದೆ. ಎರಡು ಸಲ ಎಣಿಸಿದೆ. ಐವತ್ತಕ್ಕೆ ಕೂಡಿಸಿದೆ. ಅಜ್ಜ ಜೀವಮಾನವಿಡೀ ಬಾಯಲ್ಲಿ ಆಡದೆ ಇಟ್ಟುಕೊಂಡ ಸಂಖ್ಯೆ ನನ್ನ ಲಂಗದ ಮೇಲೆ ಬಿದ್ದಿತ್ತು. ಮರಳಿ ಗಂಟು ಕಟ್ಟಿ ಸೈಕಲ್ ಏರಿದೆ. ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದುಕೊಂಡಿದ್ದೆ, ಕೆಮ್ಮಿದರೆ ಸಂಖ್ಯೆ ಹೊರಗೆ ಬಿದ್ದೀತು ಎಂದು.

(ಅಜ್ಜ: "ಮಾರಿ ಯಾಕ ಹಂಗ ಮಾಡಿಕೊಂಡಿ? ಏನ್ ಬರದಿ?" ನಾನು: "ಏನಿಲ್ಲಜ್ಜಾ." ಇವತ್ತಿಗೂ ಅವನಿಗೆ ಇದು ಗೊತ್ತಿಲ್ಲ. ನೀವು ಹೇಳಬೇಡಿ.)

ಪರಮಾನಂದ ಗಂಟು ನೋಡಿ ಮೊದಲು ನಕ್ಕರು. ಆಮೇಲೆ ಕಾಳನ್ನು ಟೇಬಲ್ ಮೇಲೆ ಸುರಿದು, ತುಟಿ ಆಡಿಸದೆ ಎಣಿಸಿ, ರಜಿಸ್ಟರಿನಲ್ಲಿ ಬರೆದುಕೊಂಡರು.

ಅಲ್ಲಿಂದ ಸಾಲೆಗೆ ಹೋಗಿ ಧನಪಾಲ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಗಂಟು ಬಿಚ್ಚಿದ್ದನ್ನು ಬಿಟ್ಟು. ಸರ್ ಎದ್ದು ಹೋಗಿ ಗೋಡೆಯಿಂದ ಪ್ರಬಂಧ ಕಿತ್ತು ತಂದರು. ಅವರ ಮುಖ ನೋಡಿ ನನಗೆ ಅಳು ಬಂತು.

"ಕಥಿಯೊಳಗ ಐವತ್ತು ಕುರಿ ಅಂದ್ರ ಯಾರಿಗೂ ತ್ರಾಸಿಲ್ಲ," ಎಂದರು. "ಮಾಹಿತಿಯೊಳಗ ಐವತ್ತು ಅಂತ ಬರದ್ರ, ಯಾವನೋ ಒಬ್ಬ ಅದನ್ನ ನಂಬಿ ಐವತ್ತಕ್ಕ ಔಷಧ ತರತಾನ. ತಿಳೀತಿಲ್ಲೋ?"

"ತಿಳೀತ್ರೀ."

ಸರ್ ಕೆಂಪು ಪೆನ್ನಿಗೆ ಟೋಪಿ ಹಾಕಿ ಕಿಸೆಗೆ ಇಟ್ಟರು. "ನಂದೂ ತಪ್ಪೈತಿ. ಎಷ್ಟು ಎಷ್ಟು ಅಂತ ಮತ್ತ ಮತ್ತ ಕೇಳಿದೆ. ಯಾಕ ಹೇಳವಲ್ಲಿ ಅಂತ ಒಮ್ಮೆನೂ ಕೇಳಲಿಲ್ಲ." ಎದ್ದು ಬೋರ್ಡಿನ ಹತ್ತಿರ ಹೋಗಿ, ನಾಲ್ಕು ಶಬ್ದಗಳ ಕೆಳಗೆ ಐದನೆಯದನ್ನು ಬರೆದರು: ಯಾಕ.

೧೦

ಮಧ್ಯಾಹ್ನ ಪರಮಾನಂದ ಡಬ್ಬಿ ಹಿಡಿದು ಬಂದರು. ಬರಿ ಹಣೆಗಳು ಒಂದೊಂದಾಗಿ ಹಳದಿಯಾದವು. ಈ ಸಲ ನಾನು ಚುಕ್ಕಿಯನ್ನು ಎಲ್ಲಕ್ಕಿಂತ ಮೊದಲು ಎತ್ತಿ ತಂದೆ. ಅದು ನನ್ನ ಕೈ ಕಚ್ಚಿತು, ಕಚ್ಚಲಿ. ಕೊನೆಯ ಕುರಿಗೂ ಆಯಿತು. 

"ಅಜ್ಜಾರ, ಔಷಧ ಇನ್ನೂ ಉಳದೈತಲ್ರೀ," ಎಂದರು ಪರಮಾನಂದ ಬಾಟಲಿ ಎತ್ತಿ ನೋಡುತ್ತಾ. "ಕಾಳು ಹೆಚ್ಚಿಗಿ ಬಿದ್ದಾವೇನು?"

"ಬಿದ್ದಿಲ್ಲ, ಹಾಕೇನಿ," ಎಂದ ಅಜ್ಜ. ಬೇಲಿಯ ಆಚೆ ತಿರುಗಿ ಕೂಗಿದ: "ನಿಂಗಣ್ಣಾ, ಬಿಡೋ ನಿನ್ನ ಮರಿ."

ನಿಂಗಣ್ಣ ನಮ್ಮ ಬಾಜೂ ದಡ್ಡಿಯವನು. ಅವನಿಗೆ ಮೊದಲೇ ಹೇಳಿಟ್ಟಂತಿತ್ತು, ಮರಿಗಳನ್ನು ಮುಂದೆ ಹಾಕಿಕೊಂಡು ಬೇಲಿ ಹತ್ತಿರವೇ ನಿಂತಿದ್ದ. ಅವು ಒಳಗೆ ನುಗ್ಗಿ ಬಂದವು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಕಬ್ಬಿನ ಮರೆಯಲ್ಲಿ ಎಣಿಸಿದ್ದು ನಮ್ಮ ಕುರಿಯನ್ನಲ್ಲ. ಬೆನ್ನು ತಿರುಗಿಸಿ ನಿಂತಾಗ ಅಜ್ಜ ಆ ಗಂಟಿಗೆ ಇನ್ನೂ ಕೆಲವು ಕಾಳು ಸೇರಿಸಿದ್ದ. ಬೆಳಿಗ್ಗೆಯಿಂದ ನಾನು ಬಾಯಿ ಬಿಗಿಹಿಡಿದು ಕಾಯ್ದ ಸಂಖ್ಯೆ ಯಾವ ದಡ್ಡಿಗೂ ಸೇರಿದ್ದಲ್ಲ.

ಅಜ್ಜ ನನ್ನ ಹತ್ತಿರ ಬಂದು, ನನ್ನ ಕೈಯಿಂದಲೇ ಚಿಟಿಕೆ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿದ.

"ಸುಳ್ಳು ಹೇಳೂದಿದ್ರ ಹೆಚ್ಚಿಗಿ ಹೇಳಬೇಕವಾ ತಂಗಿ. ಯಾರಿಗೂ ಕಡಿಮಿ ಬೀಳಬಾರದು."

ಈಗ ಒಂದು ಮಾತು. ನಿಂಗಣ್ಣನ ಮರಿಗಳಲ್ಲಿ ಎಷ್ಟಕ್ಕೆ ಸೂಜಿ ಆಯಿತು ಎಂದು ನೋಡಿಕೊಂಡಿದ್ದರೆ, ಕಳೆದು, ನಮ್ಮ ಕುರಿ ಎಷ್ಟು ಎಂದು ಖಚಿತವಾಗಿ ಹೇಳಬಹುದಿತ್ತು. ಮೂರನೇ ಇಯತ್ತೆಯ ಲೆಕ್ಕ. ಪರಮಾನಂದ ಒಮ್ಮೆ ರಜಿಸ್ಟರ್ ನೋಡಿದರು, ಒಮ್ಮೆ ಅಜ್ಜನನ್ನು ನೋಡಿದರು, ರಜಿಸ್ಟರ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ನಾನು ಆ ಮರಿಗಳ ಕಡೆ ಬೆನ್ನು ತಿರುಗಿಸಿ, ಕೆಲಸ ಮುಗಿಯುವವರೆಗೂ ಕಬ್ಬಿನ ಕಡೆ ನೋಡುತ್ತಾ ನಿಂತೆ.

೧೧

ಮುಗಿಸುವುದು ಹೇಗೆ?

ಒಂದು ಮುಕ್ತಾಯದಲ್ಲಿ ಚುಕ್ಕಿ ಸಾಯುತ್ತದೆ. ಗುರುವಾರವೇ ರೋಗ ತಗಲಿತ್ತು, ಸೂಜಿ ತಡವಾಯಿತು, ನಾನು ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಅಳುತ್ತೇನೆ. ಇಂಥವಕ್ಕೆ ಬಹುಮಾನ ಸಿಗುತ್ತದೆ ಎಂದು ಕೇಳಿದ್ದೇನೆ. ಆ ಭಾಗವನ್ನು ಅಜ್ಜನಿಗೆ ಓದಿ ಹೇಳಿದೆ.

"ಆ ಕುರಿ ಅದರ ಮ್ಯಾಲ ಆರು ಸಲ ಈದೈತಿ. ನಿನ್ನ ಕಥಿ ಸಲುವಾಗಿ ನನ್ನ ಕುರಿ ಯಾಕ ಸಾಯಸ್ತಿ?" ಎಂದ. ಹೊಡೆದು ಹಾಕಿದೆ.

ಇನ್ನೊಂದರಲ್ಲಿ ನನ್ನ ಹೊಸ ಪ್ರಬಂಧ ಜಮಖಂಡಿಯ ಸ್ಪರ್ಧೆಗೆ ಹೋಗಿ ಮೊದಲ ಸ್ಥಾನ ಗಳಿಸುತ್ತದೆ, ಮುಧೋಳದವರು ಎರಡನೇ ಸ್ಥಾನಕ್ಕೆ ಸಮಾಧಾನ ಪಡುತ್ತಾರೆ. ಇದನ್ನು ಫೋನಿನಲ್ಲಿ ಫೋಟೋ ತೆಗೆದು ಧನಪಾಲ ಸರ್‌ಗೆ ಕಳಿಸಿದೆ. ರಿಟೈರಾಗಿ ತೇರದಾಳದಲ್ಲಿದ್ದಾರೆ. ಐದು ನಿಮಿಷದಲ್ಲಿ ಉತ್ತರ ಬಂತು: 'ಸ್ಪರ್ಧೆ ಯಾವಾಗ? ಎಲ್ಲಿ? ಎಷ್ಟು ಜನ?' ಅದನ್ನೂ ಹೊಡೆದು ಹಾಕಿದೆ.

ನಡೆದದ್ದು ಇಷ್ಟು. ಪ್ರಬಂಧವನ್ನು ನಾಲ್ಕನೇ ಸಲ ಬರೆದೆ. ಕುರಿ ಮಾತಾಡಲಿಲ್ಲ, ಸೂರ್ಯ ನಗಲಿಲ್ಲ. ಎಣಿಸದೆ ಹಿಂಡನ್ನು ತಿಳಿಯುವ ಕ್ರಮ, ಮನೆತನ ಹೇಳುವ ರೀತಿ, ಕಾಳಿನ ಗಂಟಿನ ವಿಧಾನ, ಸೂಜಿ ಹಾಕಿದ್ದಕ್ಕೆ ಭಂಡಾರದ ಗುರುತು, ಎಲ್ಲ ಬರೆದೆ. 'ಕುರಿಗಳ ಸಂಖ್ಯೆ' ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟು, 'ಯಾಕೆ ಖಾಲಿ ಎಂಬುದಕ್ಕೆ ಕೊನೆಯ ಪ್ಯಾರಾ ನೋಡಿ' ಎಂದೆ. ಕೊನೆಯ ಪ್ಯಾರಾದಲ್ಲಿ ಅಜ್ಜನನ್ನು ತಾರದೆ ಗತ್ಯಂತರವಿರಲಿಲ್ಲ. ಸರ್ ನಿಯಮದ ಪ್ರಕಾರ 'ಅಜ್ಜ' ಎಂಬ ಶಬ್ದದ ಮೇಲೆ ಕೆಂಪು ಗೀಟು ಎಳೆದಿದ್ದರು. ಪೂರ್ತಿ ಓದಿದ ಮೇಲೆ ಇರಬೇಕು, ಅದರ ಬಾಜೂ ಸಣ್ಣ ಅಕ್ಷರದಲ್ಲಿ 'ಇರಲಿ' ಎಂದು ಬರೆದಿದ್ದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

೧೨

ಮಕ್ಕಳ ಟಿಪ್ಪಣಿ ಇನ್ನೂ ಒಂದು ಸಾಲೂ ಆಗಿಲ್ಲ. ಅಜ್ಜನಿಗೆ ಈವರೆಗಿನದನ್ನು ಓದಿ ಹೇಳಿದೆ, ಗಂಟು ಬಿಚ್ಚಿ ಎಣಿಸಿದ ಮಾತು ಬಂದಲ್ಲೆಲ್ಲ ಹಾರಿಸಿ. ಕಣ್ಣಿಗೆ ಹಾಕಿದ ಔಷಧಿ ಕೆಳಗಿಳಿಯದಂತೆ ತಲೆ ಮೇಲೆ ಮಾಡಿಕೊಂಡು ಕೇಳಿದ.

"ಎಷ್ಟಂತ ಬರದಿಲ್ಲಲ್ಲ?"

"ಇಲ್ಲಜ್ಜಾ. ಐವತ್ತು ಅಂತ ಬರದೇನಿ."

"ಅದು ಇರಲಿ. ಅದು ಸುಳ್ಳೈತಿ." ಮತ್ತೆ ಕೇಳಿದ, "ಉಳದದ್ದೆಲ್ಲ ಖರೇನ ಐತೇನು?"

"ಅಲ್ಲೊಂದು ಇಲ್ಲೊಂದು ಕಾಳು ಹೆಚ್ಚಿಗಿ ಹಾಕೇನಿ."

"ಯಾವ್ಯಾವು?"

ನಾನು ಪೆನ್ನಿನ ಟೋಪಿ ಹಾಕಿದೆ.

"ನನಗರೆ ಹೇಳ," ಎಂದ ಅಜ್ಜ.

"ಬಾಯಿಲೆ ಆಡಾಕ ಬರಂಗಿಲ್ಲಜ್ಜಾ."

ಅವನು ಮುಚ್ಚಿದ ಕಣ್ಣಿನಲ್ಲೇ ನಕ್ಕು, ಖಾಲಿ ಕಪ್ಪನ್ನು ನನ್ನ ಕಡೆ ಚಾಚಿದ. ಚಹಾಕ್ಕೆ ಇಡಲು ಏಳುತ್ತಿದ್ದೇನೆ, ಹಾಲು ಇದೆಯೋ ಇಲ್ಲವೋ ನೋಡಬೇಕು.